ಹೊಳಿ ದಂಡಿ ಕಾಲನಿ ಗ್ರೂಪ್: ನಾಲಾ ನೀರಿನ ವಿಷಯ

ಶೈಲಾ ವೈನಿ, 3ನೇ ಅಡ್ಡರಸ್ತಾ (ನಸುಕಿನ 3.12)
ಯಾರರ ಎದ್ದೀರೇನ್ರಿ? ಅಡಗಿಮನ್ಯಾಗ ಮೊಣಕಾಲ ಮಟ ನೀರು. ಜ್ವಾಳದ ಚೀಲ ಎರಡೂ ತೋಯ್ದು ಹೋದ್ವು. ಅತ್ತಿಯವರನ್ನ ಮಂಚದ ಮ್ಯಾಲ ಕುಂದರ್ಸೇನಿ. ಹ್ವಾದ ವಾರನ ಹೇಳಿದ್ದೆ, ನಾಲಾದ ಬಾಯಿಗೆ ಕಸ ಕಟ್ಟೈತಿ ಅಂತ. ಹನ್ನೊಂದು ಮಂದಿ ಹೆಬ್ಬೆಟ್ಟ ಹಾಕಿದ್ರಿ. ಎಣಿಸೇನಿ. ಬಂದವರು ಯಾರೂ ಇಲ್ಲ.

ಕಿರಾಣಿ ಬಸಣ್ಣ (3.20)
ವೈನಿ, ಮೊದಲ ಮೇನ್ ಸ್ವಿಚ್ ಬಂದ್ ಮಾಡ್ರಿ. ಹುಡುಗನ್ನ ಕರ್ಕೊಂಡು ಬರಾಕತ್ತೇನಿ.

ಮಾಸ್ತರ್ (5.48)
ಎಲ್ಲಾ ಮ್ಯಾಲಿನ ಮಹಾರಾಷ್ಟ್ರದವರ ಕಾರಭಾರ. ಕೊಯ್ನಾ ಒಂದ 105 ಟಿಎಂಸಿ ಡ್ಯಾಮು. ದಿಲ್ಲ್ಯಾಗ ಕೇಂದ್ರ ಜಲ ಆಯೋಗ ಐತಿ, 1945ರಿಂದ. ಅವರಿಗೇ ಪತ್ರ ಬರದು ಗೇಟ್ ಬಂದ್ ಮಾಡಸೋಣು.

ಸಣ್ಣ ಇಂಜಿನಿಯರ್ (6.05)
ಸರ್, ಆಯೋಗದವರು ಗೇಟ್ ಮುಟ್ಟೂದಿಲ್ರಿ. ಹೊಳಿ ಮಟ್ಟ ಅಳೀತಾರ, ಆಲಮಟ್ಟಿಗೆ ಎಷ್ಟು ನೀರು ಬರತೈತಿ ಅಂತ ಮುಂಚೇನ ಹೇಳ್ತಾರ. ಗೇಟು ಆಯಾ ರಾಜ್ಯದವರ ಕೈಯಾಗ.

ಮಾಸ್ತರ್ (6.07)
ನಿಮ್ಮಪ್ಪಗ ಗಣಿತ ಕಲಿಸಿದಾಂವ ನಾನು.

ಮೂಲಿಮನಿ ಅಕ್ಕಾ (6.15)
🌹 ಶುಭೋದಯ. ನಗುವೇ ಆರೋಗ್ಯ 🌹

ಗಿರಣಿ ಕಾಕಾ (6.31)
ನನ್ನ ಸೊಸಿ ತವರಮನಿ ಸಾಂಗ್ಲಿ. ಅಲ್ಲೆ ಕೇಳಿದ್ರ ಆಲಮಟ್ಟಿ ಹಿನ್ನೀರಿಂದ ನಾವು ಮುಳಗತೇವಿ ಅಂತಾರ. ಇಲ್ಲೆ ಕೇಳಿದ್ರ ಕೊಯ್ನಾ. ಹೊಳೀನ ಕೇಳಬೇಕಷ್ಟ.

ಸಣ್ಣ ಇಂಜಿನಿಯರ್ (6.40)
ಕಾಕಾ, 2019ರ ಮಹಾಪೂರ ಆದ ಮ್ಯಾಲ ಅವರ ಸರ್ಕಾರನ ವಡ್ನೇರೆ ಸಮಿತಿ ಮಾಡಿತ್ತು. ಆಲಮಟ್ಟಿ ಕಾರಣ ಅಲ್ಲ ಅಂತ ಆ ಸಮಿತಿನ ಹೇಳೈತಿ. ಅದಿರಲಿ. ನಿನ್ನಿ ನೀರು ದಂಡಿ ದಾಟಿ ಬಂದದ್ದಲ್ಲ. ಹೊಳಿ ಏರಿತು, ನಾಲಾ ಹಿಂದಕ್ಕ ಹರೀತು. ಬಾಯಿಗೆ ಹೊಳಿ ಕಡೆ ಅಷ್ಟ ತೆರಕೊಳ್ಳೂವಂಥಾ ಕಬ್ಬಿಣದ ಬಾಗಲಾ ಬೇಕು, ಒಳಗಿನ ಮಳಿ ನೀರು ಎತ್ತಾಕ ಒಂದು ಪಂಪು. ಅರ್ಜಿ ನಾ ಬರೀತೇನಿ, ಸಹಿ ಕೊಡ್ರಿ.

ಮಾಸ್ತರ್ (6.52)
ಆಲಮಟ್ಟಿ ಡ್ಯಾಮು ತುಂಬೂ ಮಟ್ಟ ಈಗ 519.60 ಮೀಟರ್. 524.256ಕ್ಕ ಏರಸಾಕ ಕೃಷ್ಣಾ ನೀರಿನ ನ್ಯಾಯಮಂಡಳಿ 2010ರಾಗ ಒಪ್ಪೈತಿ.

ಮಾಸ್ತರ್ (6.53)
1 ಲಕ್ಷ ಕ್ಯೂಸೆಕ್ಸ್ ಒಂದಿನ ಪೂರ್ತಿ ಹರದ್ರ 8.64 ಟಿಎಂಸಿ. ಲೆಕ್ಕಾ ಹಾಕ್ರಿ.

ಶೈಲಾ ವೈನಿ (7.02)
ನನ್ನ ಅಡಗಿಮನ್ಯಾಗ ಎಷ್ಟು ಟಿಎಂಸಿ ಐತಿ, ಅದನ್ನೂ ಹಾಕ್ರಿ ಮಾಸ್ತರ್ರ.

ಪಾನ್ ಅಂಗಡಿ ಹುಡುಗ (7.10)
*ಫಾರ್ವರ್ಡ್: ಕೊಯ್ನಾ ಡ್ಯಾಮ್ ಒಡೆದಿದೆ!! 20 ಜನರಿಗೆ ಕಳಿಸಿ!!*

ಅಡ್ಮಿನ್ (7.11)
ಪ್ರತಿ ಶ್ರಾವಣಕ್ಕ ಒಡೀತೈತಿ ಇದು. ತಗಿಯೋ ಮೊದಲ.

ಸಣ್ಣ ಇಂಜಿನಿಯರ್ (7.15)
ಖರೇ ಮಟ್ಟ ನೋಡೂದಿದ್ರ ಆಯೋಗದ್ದ 'ಫ್ಲಡ್‌ವಾಚ್ ಇಂಡಿಯಾ' ಆಪ್ ಐತಿ, 2023ರಾಗ ಬಂದದ್ದು.

ಗಿರಣಿ ಕಾಕಾ (7.18)
ಕನ್ನಡದಾಗ ಐತೇನಪಾ?

ಸಣ್ಣ ಇಂಜಿನಿಯರ್ (7.19)
ಶುರುವಿಗೆ ಇಂಗ್ಲಿಷ್, ಹಿಂದಿ ಅಷ್ಟ ಇತ್ರಿ.

ಗಿರಣಿ ಕಾಕಾ (7.20)
ಹಂಗಾದ್ರ ಹೊಳಿ ಬಂದ ಮ್ಯಾಲ ತಿಳೀತೈತಿ ಬಿಡು.

ಕಿರಾಣಿ ಬಸಣ್ಣ (7.34)
ಈಗ ನಾಲಾದ ಹಂತೇಕ ನಿಂತೇನಿ. ಬಾಯಿ ಆಮ್ಯಾಲ ನೋಡೂಣು. ಮಾಸ್ತರ್ ಮನಿ ಮುಂದ ಕಾರ್ ಹತ್ತಸಾಕ ಹಾಕಿದ ಸಿಮೆಂಟ್ ಇಳಿಜಾರದ ಕೆಳಗ ಅರ್ಧಾ ಪೈಪು ಮುಚ್ಚೈತಿ. ಫೋಟೋ ಹಾಕೇನಿ.

ಮಾಸ್ತರ್ (7.36)
ಮೂರು ಮನಿ ಮುಂದ ಹಂಗ ಐತಿ. ನನ್ನೊಬ್ಬನ ಫೋಟೋ ಯಾಕ?

ಮೂಲಿಮನಿ ಅಕ್ಕಾ (7.38)
ನಮ್ಮದು ಬರೇ ಎರಡು ಮೆಟ್ಲು.

ಮಾಸ್ತರ್ (7.41)
ವಿಷಯಕ್ಕ ಬರ್ರಿ. ಅಂತರರಾಜ್ಯ ನದಿ ಸಂವಿಧಾನದ ಕೇಂದ್ರಪಟ್ಟಿ 56ನೇ ನಮೂದು.

ಅಡ್ಮಿನ್ (8.05)
ಐತವಾರ ಸಂಜಿ 5ಕ್ಕ ಹನುಮಪ್ಪನ ಗುಡಿ ಮುಂದ ಮೀಟಿಂಗ್. ಎಲ್ಲಾರೂ ಬರಬೇಕು.

ಕಿರಾಣಿ ಬಸಣ್ಣ (8.09)
ಗುಡಿ ಮುಂದ ಪಾದ ಮುಳಗೂವಷ್ಟು ರಾಡಿ ಐತ್ರೀ.

ಪಾನ್ ಅಂಗಡಿ ಹುಡುಗ (8.10)
ಹಂಗಾದ್ರ ಗಣಪತಿ ಎಲ್ಲಿ ಕುಂದರ್ಸೂದು ಈ ಸಲ?

ಗಿರಣಿ ಕಾಕಾ (8.11)
ನಮ್ಮ ಗಿರಣಿ ಮುಂದ ಜಾಗಾ ಐತಿ.

ಮೂಲಿಮನಿ ಅಕ್ಕಾ (8.11)
ಹ್ವಾದ ವರ್ಷದ ಪಟ್ಟಿ ಲೆಕ್ಕಾನ ಇನ್ನೂ ಕೊಟ್ಟಿಲ್ಲ!

ಮಾಸ್ತರ್ (8.12)
ಲೆಕ್ಕಾ ನನ್ನ ಕಡೆ ಐತಿ. ಸಂಜಿಕೆ ಹಾಕ್ತೇನಿ. ಈ ಸಲ ಮನಿಗೆ 500.

ಸಣ್ಣ ಇಂಜಿನಿಯರ್ (8.40)
ಅರ್ಜಿಗೆ ಇಲ್ಲೀಮಟ ನಾಕ ಹೆಸರು ಬಂದಾವ್ರಿ. ಒಂದು ನಂದ.

ಪಾನ್ ಅಂಗಡಿ ಹುಡುಗ (8.41)
ಡಿಜೆ ಬೇಕಾ ಬ್ಯಾಡಾ, ಮೊದಲ ಅದನ್ನ ಹೇಳ್ರಿ.

ಶೈಲಾ ವೈನಿ (9.15)
ಜ್ವಾಳ ಒಣಾ ಹಾಕಾಕ ಯಾರದರ ಮಾಳಗಿ ಖಾಲಿ ಐತೇನ್ರಿ?