ಅಪ್‌ಡೇಟ್: ನ್ಯೂರೋಫೀಡ್‌ಬ್ಯಾಕ್ 20 ಸೆಷನ್ ಆದ ಮೇಲೆ

ಗಮನ ನಿಲ್ಲಲ್ಲ, ಆತಂಕ ಜಾಸ್ತಿ, ನ್ಯೂರೋಫೀಡ್‌ಬ್ಯಾಕ್ (ಮೆದುಳಿನ ಅಲೆಗಳನ್ನು ಅಳೆದು ತೋರಿಸಿ, ಅವನ್ನು ಹಿಡಿತಕ್ಕೆ ತರಲು ಕಲಿಸುವ ತರಬೇತಿ) ಮಾಡಿಸಲಾ ಅಂತ ಕೇಳಿದ್ದೆ ಅಲ್ವಾ? 20 ಸೆಷನ್ ಮುಗಿಯಿತು. ತಲೆಗೆ ಪೇಸ್ಟ್ ಹಚ್ಚಿ ಎಲೆಕ್ಟ್ರೋಡ್ ಅಂಟಿಸುತ್ತಾರೆ, ಎದುರಿಗೆ ವಿಡಿಯೋ ಓಡುತ್ತಿರುತ್ತದೆ, ಮನಸ್ಸು ಎಲ್ಲೋ ಹೋಗಿ ಥೀಟಾ ಅಲೆ (ಮೆದುಳಿನ ನಿಧಾನಗತಿಯ ಅಲೆ) ಏರಿತು ಅಂದ್ರೆ ಪರದೆ ಮಂಕಾಗುತ್ತದೆ. ಆದರೆ ಓದಲು ಕೂತಾಗ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆ) ಇರುವ ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ನಿಜವಾದ ತರಬೇತಿ ಪಡೆದವರು, ಸುಮ್ನೆ ತೋರಿಕೆಯ ತರಬೇತಿ ಪಡೆದವರು, ಇಬ್ಬರೂ ಹೆಚ್ಚುಕಮ್ಮಿ ಒಂದೇ ಥರ ಸುಧಾರಿಸಿದ್ದರು. ಮೊದಲೇ ಓದಬೇಕಿತ್ತು.

ಆತಂಕಕ್ಕೆ ಮಾತ್ರ ಬಯೋಫೀಡ್‌ಬ್ಯಾಕ್ (ಎದೆಬಡಿತವನ್ನು ಪರದೆಯಲ್ಲಿ ನೋಡುತ್ತಾ ಉಸಿರಿನಿಂದ ಅದನ್ನು ಹದಕ್ಕೆ ತರುವ ತರಬೇತಿ) ನಿಜಕ್ಕೂ ಕೈಹಿಡಿಯಿತು. ನಿಮಿಷಕ್ಕೆ ಸುಮಾರು 6 ಉಸಿರು. ಎದೆಬಡಿತದ ಗೆರೆ ಉಸಿರಿನ ಜೊತೆ ಏರಿಳಿಯುವುದು ಕಣ್ಣೆದುರೇ ಕಾಣುತ್ತದೆ. ಮೊನ್ನೆ ಇಂಟರ್‌ವ್ಯೂಗೆ ಮುಂಚೆ ಯಾವ ಯಂತ್ರವೂ ಇಲ್ಲದೆ 5 ನಿಮಿಷ ಹಾಗೇ ಉಸಿರಾಡಿದೆ, ಕೈ ನಡುಕ ನಿಂತಿತು. ಮಾತ್ರೆ ನಿಲ್ಲಿಸಿಲ್ಲ, ನಿಲ್ಲಿಸಬೇಡಿ ಅಂದಿದ್ದಾರೆ ಡಾಕ್ಟರ್.