‘ಬ್ಲೂ ಮೂನ್’ ಅಂದ್ರೆ ಎಷ್ಟು ಅಪರೂಪ?

ಪ್ರಶ್ನೆ: ಮೇಡಂ, ನಮಸ್ಕಾರ. ರಜೆ ಕೇಳಿ ಬರೆದ ಪತ್ರದಲ್ಲಿ ‘ಐ ಟೇಕ್ ಲೀವ್ ಒನ್ಸ್ ಇನ್ ಎ ಬ್ಲೂ ಮೂನ್’ ಅಂತ ಸೇರಿಸಿದ್ದೆ. ಮ್ಯಾನೇಜರ್ ಓದಿ ನಕ್ಕುಬಿಟ್ಟರು. ತಪ್ಪೇನಾಯಿತು? ಚಂದ್ರ ನೀಲಿ ಆಗೋದೇ ಇಲ್ಲವಲ್ಲ, ಹಾಗಾದರೆ ಇದರ ಅರ್ಥ ‘ಯಾವತ್ತೂ ಇಲ್ಲ’ ಅಂತಲೇ?

ಉತ್ತರ: ವ್ಯಾಕರಣ ಸರಿ, ಅರ್ಥವೂ ಸರಿ. ಬಳಸಿದ ಜಾಗ ಸರಿಯಿಲ್ಲ, ಅಷ್ಟೇ. ಇದು ಗೆಳೆಯರ ಜೊತೆ ಹರಟುವಾಗ ಬರುವ ಮಾತು. ಜಾಸ್ತಿ ಸಲ ತಮಾಷೆಗೋ, ಸಣ್ಣ ಮುನಿಸಿಗೋ ಬಳಸುತ್ತಾರೆ: ‘ಹೀ ಕಾಲ್ಸ್ ಮೀ ಒನ್ಸ್ ಇನ್ ಎ ಬ್ಲೂ ಮೂನ್’ ಅಂದರೆ ‘ಅವನಿಗೆ ನನ್ನ ನೆನಪಾಗೋದೇ ಅಪರೂಪ’ ಅನ್ನುವ ದೂರು ಅದರಲ್ಲಿದೆ. ರಜೆ ಪತ್ರಕ್ಕೆ ‘ರೇರ್ಲಿ’ ಸಾಕು.

‘ಯಾವತ್ತೂ ಇಲ್ಲ’ ಎಂಬ ಅರ್ಥವಿಲ್ಲ. ಅದಕ್ಕೆ ‘ವೆನ್ ಪಿಗ್ಸ್ ಫ್ಲೈ’ ಇದೆ. ಬ್ಲೂ ಮೂನ್ ಅಂದರೆ ಆಗುತ್ತದೆ, ಆದರೆ ತೀರಾ ಅಪರೂಪಕ್ಕೆ. ನಮ್ಮ ‘ಹುಣ್ಣಿಮೆಗೋ ಅಮಾವಾಸ್ಯೆಗೋ ಒಮ್ಮೆ’ ಇದಕ್ಕೆ ಹತ್ತಿರ. ಲೆಕ್ಕ ಹಾಕಿದರೆ ನಾವೇ ಧಾರಾಳಿಗಳು ಬಿಡಿ. ನಮ್ಮದು ಹದಿನೈದು ದಿನಕ್ಕೊಮ್ಮೆ, ಅವರದು ಎರಡೂವರೆ ವರ್ಷಕ್ಕೂ ಮೇಲೆ!

ಇನ್ನೊಬ್ಬರ ಪ್ರಶ್ನೆ: ಎರಡೂವರೆ ವರ್ಷ ಎಲ್ಲಿಂದ ಬಂತು ಮೇಡಂ?

ಉತ್ತರ: ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸುಮಾರು 29.5 ದಿನ. ಫೆಬ್ರವರಿ ಬಿಟ್ಟು ಉಳಿದ ತಿಂಗಳೆಲ್ಲ ಇದಕ್ಕಿಂತ ಉದ್ದ. ಹಾಗಾಗಿ ಆಗೊಮ್ಮೆ ಈಗೊಮ್ಮೆ ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಬೀಳುತ್ತವೆ. 2023ರ ಆಗಸ್ಟ್‌ನಲ್ಲಿ ಹಾಗಾಗಿತ್ತು. ಆ ಎರಡನೆಯದಕ್ಕೆ ಬ್ಲೂ ಮೂನ್ ಅನ್ನುತ್ತಾರೆ. ಬಣ್ಣ ಮಾತ್ರ ಎಂದಿನದೇ.

ತಮಾಷೆ ಅಂದರೆ, ಈ ಅರ್ಥ ಹುಟ್ಟಿದ್ದೇ ಒಂದು ತಪ್ಪಿನಿಂದ. ಅಮೆರಿಕದ ಹಳೆಯ ಪಂಚಾಂಗವೊಂದು, ಒಂದು ಋತುವಿನಲ್ಲಿ ಮೂರರ ಬದಲು ನಾಲ್ಕು ಹುಣ್ಣಿಮೆ ಬಂದಾಗ ಮೂರನೆಯದನ್ನು ಹೀಗೆ ಕರೆಯುತ್ತಿತ್ತು. 1946ರಲ್ಲಿ ‘ಸ್ಕೈ ಆ್ಯಂಡ್ ಟೆಲಿಸ್ಕೋಪ್’ ಪತ್ರಿಕೆಯ ಲೇಖನವೊಂದು ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡಿತು. ತಪ್ಪೇ ಬಳಕೆಗೆ ಬಂತು. ನುಡಿಗಟ್ಟು ಮಾತ್ರ ಅದಕ್ಕಿಂತ ಹಳೆಯದು, 19ನೇ ಶತಮಾನದಲ್ಲೇ ಓಡಾಡುತ್ತಿತ್ತು.

ಅಂದಹಾಗೆ, ಚಂದ್ರ ನಿಜಕ್ಕೂ ನೀಲಿಯಾಗಿ ಕಂಡದ್ದೂ ಇದೆ. 1883ರಲ್ಲಿ ಕ್ರಕಟೋವ ಜ್ವಾಲಾಮುಖಿ ಸಿಡಿದಾಗ ಗಾಳಿಯಲ್ಲಿ ಸೇರಿದ ಸಣ್ಣ ಕಣಗಳು ಹಾಗೆ ಮಾಡಿದ್ದವು.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ಹಳೆಯ ಗೆಳತಿ ನಿನ್ನೆ ಸಿಕ್ಕಳು. ‘ಐ ಮೆಟ್ ಹರ್ ಒನ್ಸ್ ಇನ್ ಎ ಬ್ಲೂ ಮೂನ್ ಯೆಸ್ಟರ್ಡೇ’ ಅನ್ನಬಹುದಾ?

ಉತ್ತರ: ಅಯ್ಯೋ, ಬೇಡ! ‘ಯೆಸ್ಟರ್ಡೇ’ ಅಂದರೆ ಒಂದು ಸಲ ಆಗಿ ಮುಗಿದ ಮಾತು. ಇದು ಎಷ್ಟು ದಿನಕ್ಕೊಮ್ಮೆ ಆಗುತ್ತದೆ ಅನ್ನೋದಕ್ಕೆ. ‘ವೀ ಮೀಟ್ ಒನ್ಸ್ ಇನ್ ಎ ಬ್ಲೂ ಮೂನ್’ ಅನ್ನಿ. ‘ಯೂಸ್ಡ್ ಟು ಮೀಟ್’ ಅಂದರೂ ನಡೆಯುತ್ತದೆ. ನಿನ್ನೆಯ ಭೇಟಿಗೆ ‘ಆಫ್ಟರ್ ಏಜಸ್’ ಸರಿಹೋಗುತ್ತದೆ.