ಮನೆ ಹೊಳೆಪಾಲಾದ ಮೇಲೆ ಗೃಹಸಾಲದ ಕಂತು ಕಟ್ಟಬೇಕೇ?

ಪ್ರಶ್ನೆ (ಗೋಕಾಕದಿಂದ, ಶಿಕ್ಷಕಿ):

ಸರ್, ನಮಸ್ಕಾರ. ಘಟಪ್ರಭೆಯ ದಂಡೆಗೆ ಸಮೀಪದ ಓಣಿಯಲ್ಲಿ ನಮ್ಮ ಮನೆ ಇತ್ತು. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಹಳೆಯ ಮಣ್ಣಿನ ಗೋಡೆಗಳು ಕುಸಿದ ಮೇಲೆ, ಅದೇ ಜಾಗದಲ್ಲಿ ಬ್ಯಾಂಕಿನ ಸಾಲ ಪಡೆದು ಇಟ್ಟಿಗೆಯ ಮನೆ ಕಟ್ಟಿಸಿದ್ದೆವು. ಈ ಮಳೆಗಾಲದಲ್ಲಿ ಮತ್ತೆ ಹೊಳೆ ಬಂದು, ನೀರು ನಾಲ್ಕು ದಿನ ಮನೆಯೊಳಗೆ ನಿಂತು, ಇಳಿಯುವ ಹೊತ್ತಿಗೆ ಹಿಂದಿನ ಎರಡು ಕೋಣೆಗಳು ಬಿದ್ದವು. ಉಳಿದ ಭಾಗವೂ ವಾಸಕ್ಕೆ ಯೋಗ್ಯವಲ್ಲವೆಂದು ಎಂಜಿನಿಯರರು ಬರೆದುಕೊಟ್ಟಿದ್ದಾರೆ. ಸಾಲದ ಬಾಕಿ 12 ಲಕ್ಷ, ಬಡ್ಡಿ ಶೇಕಡಾ 9, ಉಳಿದ ಅವಧಿ 15 ವರ್ಷ, ತಿಂಗಳ ಕಂತು 12,171 ರೂಪಾಯಿ. ಇದರ ಮೇಲೆ ಈಗ ಬಾಡಿಗೆ ಮನೆಯ ಖರ್ಚು ಬೇರೆ ಬಂದಿದೆ. ಇಲ್ಲದ ಮನೆಯ ಸಾಲವನ್ನು ಏಕೆ ತೀರಿಸಬೇಕು ಎಂದು ನಮ್ಮ ಯಜಮಾನರು ಕೇಳುತ್ತಾರೆ. ಕಂತು ನಿಲ್ಲಿಸಿದರೆ ಏನಾಗುತ್ತದೆ? ಜಾಗವನ್ನು ಬ್ಯಾಂಕಿಗೇ ಬಿಟ್ಟುಕೊಟ್ಟರೆ ಸಾಲ ಚುಕ್ತಾ ಆಗುತ್ತದೆಯೇ?

ಉತ್ತರ (ನಿವೃತ್ತ ಬ್ಯಾಂಕ್ ವ್ಯವಸ್ಥಾಪಕರು, ಬಾಗಲಕೋಟೆ):

ಅಕ್ಕಾವ್ರೇ, ನಿಮ್ಮ ಯಜಮಾನರ ಪ್ರಶ್ನೆ ನ್ಯಾಯವಾದದ್ದು. ಆದರೆ ಕಾನೂನಿನ ಉತ್ತರ ಕಠಿಣವಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಲ ಇರುವುದು ಗೋಡೆಯ ಮೇಲಲ್ಲ, ಸಹಿ ಹಾಕಿದವರ ಮೇಲೆ. ಸಾಲಪತ್ರದಲ್ಲಿ ನೀವಿಬ್ಬರೂ ತೀರಿಸುತ್ತೇವೆಂದು ವೈಯಕ್ತಿಕವಾಗಿ ಬರೆದುಕೊಟ್ಟಿರುತ್ತೀರಿ. ಮನೆಯ ಕಾಗದಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟದ್ದು ಆ ಮಾತಿಗೆ ಆಧಾರವಾಗಿ ಮಾತ್ರ. ಮನೆ ಬಿದ್ದರೂ ಜಾಗ ಉಳಿದಿದೆ, ಉತಾರದ (ಜಾಗದ ಹಕ್ಕಿನ ದಾಖಲೆಯ) ಮೇಲಿನ ಬೋಜಾ, ಅಂದರೆ ಬ್ಯಾಂಕಿನ ಸಾಲದ ನಮೂದು, ಹಾಗೆಯೇ ಇದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 68ನೆಯ ಕಲಂ ಇಂಥ ಸಂದರ್ಭಕ್ಕಾಗಿಯೇ ಇದೆ: ಯಾರ ತಪ್ಪೂ ಇಲ್ಲದೆ ಅಡಮಾನದ ಆಸ್ತಿ ಪೂರ್ಣವಾಗಿ ಅಥವಾ ಭಾಗಶಃ ನಾಶವಾದರೆ, ಸಾಲ ಕೊಟ್ಟವರು ಬೇರೆ ಸಾಕಷ್ಟು ಭದ್ರತೆ ಒದಗಿಸಲು ಯುಕ್ತ ಅವಕಾಶ ಕೊಡಬೇಕು, ಆ ಅವಕಾಶವನ್ನು ಸಾಲಗಾರರು ಬಳಸದಿದ್ದರೆ ಹಣಕ್ಕಾಗಿ ದಾವೆ ಹೂಡಬಹುದು. ಅಂದರೆ ಕಾನೂನು ಸಾಲವನ್ನು ಅಳಿಸುವುದಿಲ್ಲ, ಆದರೆ ಮೊದಲು ನಿಮ್ಮೊಡನೆ ಮಾತನಾಡಬೇಕೆಂದು ಬ್ಯಾಂಕಿಗೂ ಹೇಳುತ್ತದೆ.

ಜಾಗ ಬಿಟ್ಟುಕೊಟ್ಟರೆ ಸಾಲ ತೀರುವುದಿಲ್ಲ. ಬ್ಯಾಂಕು ಅದನ್ನು ಹರಾಜು ಹಾಕುತ್ತದೆ, ಬಂದ ಹಣವನ್ನು ಬಾಕಿಗೆ ಜಮೆ ಮಾಡಿಕೊಳ್ಳುತ್ತದೆ, ಕೊರತೆ ಬಿದ್ದ ಮೊತ್ತವನ್ನು ನಿಮ್ಮಿಂದಲೇ ಕೇಳುತ್ತದೆ. ಹೊಳೆ ದಂಡೆಯಲ್ಲಿ ಎರಡು ಸಲ ಮುಳುಗಿದ ಜಾಗಕ್ಕೆ ಹರಾಜಿನಲ್ಲಿ ಎಷ್ಟು ಬರುತ್ತದೆಂಬುದನ್ನು ನೀವೇ ಊಹಿಸಬಲ್ಲಿರಿ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಕಂತು ತಾವಾಗಿಯೇ ನಿಲ್ಲಿಸುವುದೂ ಬೇಡ. ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ಅನುತ್ಪಾದಕವಾಗುತ್ತದೆ (ಎನ್‌ಪಿಎ), ಅಂದರೆ ವಸೂಲಾಗದ ಸಾಲವೆಂದು ಬ್ಯಾಂಕು ಗುರುತಿಸುತ್ತದೆ. ಬಳಿಕ, ನ್ಯಾಯಾಲಯಕ್ಕೆ ಹೋಗದೆಯೇ ಅಡಮಾನದ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ರ ಪ್ರಕಾರ 60 ದಿನಗಳ ನೋಟಿಸು, ಅದರ ಹಿಂದೆ ಸ್ವಾಧೀನದ ಕ್ರಮ. ನೋಟಿಸಿಗೆ ನೀವು ಆಕ್ಷೇಪಣೆ ಬರೆದರೆ ಬ್ಯಾಂಕು 15 ದಿನಗಳಲ್ಲಿ ಉತ್ತರಿಸಬೇಕೆಂಬ ನಿಯಮವಿದೆ, ಸ್ವಾಧೀನದ ಕ್ರಮದ ವಿರುದ್ಧ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಅವಕಾಶವೂ ಇದೆ. ಆದರೆ ಅಲ್ಲಿಯವರೆಗೆ ಹೋದ ಖಾತೆಯನ್ನು ಹಳಿಗೆ ತರುವುದು ಎಷ್ಟು ಕಷ್ಟವೆಂಬುದನ್ನು ನಾನು ನೋಡಿದ್ದೇನೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಗೆ ವಿಮೆ ಇದೆಯೇ? "ಗೃಹಸಾಲದ ಇನ್ಶೂರೆನ್ಸ್ ಇದೆ" ಎಂದು ಹೇಳುವವರಲ್ಲಿ ಹೆಚ್ಚಿನವರ ಬಳಿ ಇರುವುದು ಜೀವವಿಮೆ. ಸಾಲಗಾರರು ತೀರಿಕೊಂಡರೆ ಸಾಲ ತೀರಿಸುವ ವಿಮೆ ಅದು. ಮನೆ ಬಿದ್ದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ನಿಮಗೆ ಬೇಕಾಗಿರುವುದು ಕಟ್ಟಡದ ವಿಮೆ. ಸಾಲ ಮಂಜೂರಾದ ದಿನದಿಂದ ಇಂದಿನವರೆಗಿನ ಸಾಲಖಾತೆಯ ಪೂರ್ತಿ ವಿವರವನ್ನು ಶಾಖೆಯಿಂದ ಪಡೆದು, ವರ್ಷಕ್ಕೊಮ್ಮೆ ಅಥವಾ ಆರಂಭದಲ್ಲಿ ಒಮ್ಮೆ ವಿಮಾ ಕಂತೆಂದು ಸಣ್ಣ ಮೊತ್ತ ಕಡಿತವಾಗಿದೆಯೇ ಎಂದು ಸಾಲುಸಾಲಾಗಿ ನೋಡಿ. ನಾನು ಸೇವೆಯಲ್ಲಿದ್ದಾಗ ಒಬ್ಬ ಹಿರಿಯರು ನೆರೆಯ ಆರು ತಿಂಗಳ ನಂತರ ಬಂದು, ಗಾದಿಯ ಕೆಳಗಿಟ್ಟು ಒಣಗಿಸಿದ ಕಾಗದಗಳನ್ನು ನನ್ನ ಮೇಜಿನ ಮೇಲೆ ಒಂದೊಂದಾಗಿ ಬಿಡಿಸಿಟ್ಟರು. ಅಂಚುಗಳೆಲ್ಲ ಹೊಳೆಯ ರಾಡಿಯಿಂದ ಕಂದಾಗಿದ್ದವು. ಅವುಗಳ ನಡುವೆ ಕಟ್ಟಡದ ಪಾಲಿಸಿಯೂ ಇತ್ತು. ನೆರೆ ಬಂದ ದಿನ ಅದು ಚಾಲ್ತಿಯಲ್ಲಿತ್ತು, ಆದರೆ ಕಂಪನಿಗೆ ತಿಳಿಸಬೇಕೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಆ ದಿನದ ಅವರ ಮುಖವನ್ನು ನಾನು ಇಂದಿಗೂ ಮರೆತಿಲ್ಲ. ಈ ಪ್ರಶ್ನೋತ್ತರದ ಗುಂಪಿನಲ್ಲಿ ನಾನು ಬರೆಯುವುದಕ್ಕೆ ಅದೂ ಒಂದು ಕಾರಣ.

2021ರ ಏಪ್ರಿಲ್ 1ರಿಂದ ವಾಸದ ಮನೆಗಳಿಗೆ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುವ ಪ್ರಮಾಣಿತ ಪಾಲಿಸಿಯ ಹೆಸರು ಭಾರತ್ ಗೃಹ ರಕ್ಷಾ. ಇದರಲ್ಲಿ ನೆರೆ, ಬಿರುಗಾಳಿ, ಭೂಕಂಪ ಎಲ್ಲವೂ ಸೇರಿವೆ. ಮನೆ ವಾಸಯೋಗ್ಯವಲ್ಲದಿದ್ದರೆ ಬದಲಿ ವಸತಿಯ ಬಾಡಿಗೆಗೂ, ಅವಶೇಷ ತೆಗೆಸುವ ಖರ್ಚಿಗೂ ಮಿತಿಯೊಳಗೆ ಅವಕಾಶವಿದೆ. ಪಾಲಿಸಿ ಸಿಕ್ಕರೆ ಅಂದೇ ಲಿಖಿತವಾಗಿ ಕಂಪನಿಗೂ ಶಾಖೆಗೂ ತಿಳಿಸಿ. ವಿಮಾ ಕಂಪನಿಯ ಸರ್ವೇಯರರು ಬಂದು ಹಾನಿ ನೋಡುವವರೆಗೆ ಅವಶೇಷವನ್ನು ಪೂರ್ತಿ ಸಾಗಿಸಬೇಡಿ. ನಿಂತಿರುವ ಗೋಡೆಯ ಮೇಲೆ ನೀರು ನಿಂತ ಗೆರೆ, ಆ ರಾಡಿಯ ಅಂಚು, ಕಾಣುತ್ತಿರುತ್ತದೆ; ಅದನ್ನು ತೊಳೆಯದೆ, ಸುಣ್ಣ ಬಳಿಯದೆ, ಪಕ್ಕದಲ್ಲಿ ಅಳತೆಯ ಟೇಪು ಹಿಡಿದು ಫೋಟೊ ತೆಗೆಯಿರಿ. ನೀರಿನಿಂದಲೇ ಹಾನಿಯಾಯಿತು ಎಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿಯಿಲ್ಲ. ಕಂದಾಯ ಇಲಾಖೆಯ ಪಂಚನಾಮೆ ಮತ್ತು ಎಂಜಿನಿಯರರ ವರದಿಯ ದೃಢೀಕೃತ ಪ್ರತಿಗಳನ್ನು ತಹಶೀಲ್ದಾರ ಕಚೇರಿಯಿಂದ ಪಡೆದಿಟ್ಟುಕೊಳ್ಳಿ.

ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಸೇರಿರುವುದರಿಂದ ಪರಿಹಾರದ ಹಣ ಸಾಮಾನ್ಯವಾಗಿ ಬ್ಯಾಂಕಿಗೇ ಬರುತ್ತದೆ. ಅದನ್ನು ಸಾಲಕ್ಕೆ ಮುರಿದುಕೊಂಡರೆ ಸಾಲ ಇಳಿಯುತ್ತದೆ, ಆದರೆ ತಲೆಯ ಮೇಲೆ ಸೂರಿರುವುದಿಲ್ಲ. ಮನೆಯನ್ನು ಮತ್ತೆ ಕಟ್ಟುವ ಮನಸ್ಸಿದ್ದರೆ, ಕಟ್ಟಡದ ಪ್ರಗತಿ ನೋಡಿ ಹಂತಹಂತವಾಗಿ ಹಣ ಬಿಡುಗಡೆ ಮಾಡಬೇಕೆಂದು ಹಣ ಬರುವ ಮುನ್ನವೇ ಪತ್ರ ಕೊಡಿ. ಮನೆ ಮತ್ತೆ ನಿಂತರೆ ಬ್ಯಾಂಕಿನ ಭದ್ರತೆಯೂ ನಿಲ್ಲುತ್ತದೆ; ಬುದ್ಧಿವಂತ ವ್ಯವಸ್ಥಾಪಕರು ಇದಕ್ಕೆ ಒಪ್ಪುತ್ತಾರೆ.

ಇನ್ನು ಕಂತಿನ ವಿರಾಮ. ವಿಕೋಪದ ಸಂದರ್ಭಕ್ಕಾಗಿ ರಿಸರ್ವ್ ಬ್ಯಾಂಕು 2018ರ ಅಕ್ಟೋಬರಿನಲ್ಲಿ ವಾಣಿಜ್ಯ ಬ್ಯಾಂಕುಗಳಿಗೆ ಹೊರಡಿಸಿದ ನಿರ್ದೇಶನದಲ್ಲಿ ಒಂದು ಮಾತಿತ್ತು: ಸಾಲಗಾರರ ಹಳೆಯ ಭದ್ರತೆ ವಿಕೋಪದಲ್ಲಿ ಸವೆದಿರಬಹುದು, ಹೊಸ ಭದ್ರತೆ ಇಲ್ಲವೆಂಬ ಒಂದೇ ಕಾರಣಕ್ಕೆ ನೆರವು ನಿರಾಕರಿಸಬಾರದು. ಈಗ ಜಾರಿಯಲ್ಲಿರುವ ನಿರ್ದೇಶನದಲ್ಲೂ ಅದು ಇದೆಯೇ ಎಂದು ನೋಡಿಕೊಂಡು, ಪತ್ರ ಬರೆಯುವಾಗ ಈ ಮಾತನ್ನು ಉಲ್ಲೇಖಿಸಿ. ಆ ನಿರ್ದೇಶನದ ಬಹುಭಾಗ ಕೃಷಿ ಸಾಲದ ಸುತ್ತಲೇ ಇದ್ದುದರಿಂದ, ಗೃಹಸಾಲದ ವಿರಾಮವನ್ನು ನೀವಾಗಿಯೇ ಕೇಳಿ ಪಡೆಯಬೇಕಾಗುತ್ತದೆ.

ವಿರಾಮವೆಂದರೆ ಮನ್ನಾ ಅಲ್ಲ. ನಿಮ್ಮದೇ ಲೆಕ್ಕ ತೆಗೆದುಕೊಳ್ಳೋಣ. 12 ಲಕ್ಷಕ್ಕೆ ತಿಂಗಳಿಗೆ 9,000 ರೂಪಾಯಿ ಬಡ್ಡಿಯಾಗುತ್ತದೆ. ಒಂದು ವರ್ಷ ಏನೂ ಕಟ್ಟದಿದ್ದರೆ ಬಡ್ಡಿಗೆ ಬಡ್ಡಿ ಸೇರಿ ಬಾಕಿ ಸುಮಾರು 13,12,600 ರೂಪಾಯಿಗೆ ಏರುತ್ತದೆ. ಆಮೇಲೆ ಅದೇ 12,171ರ ಕಂತನ್ನೇ ಮುಂದುವರಿಸಿದರೆ 180 ತಿಂಗಳ ಬದಲು ಸುಮಾರು 222 ತಿಂಗಳು ಕಟ್ಟಬೇಕು. ಹನ್ನೆರಡು ಕಂತು ತಪ್ಪಿಸಿಕೊಂಡದ್ದಕ್ಕೆ ಸುಮಾರು ನಲವತ್ತೆರಡು ಕಂತು ಹೆಚ್ಚಾಯಿತು. ಆದ್ದರಿಂದ ನಿಮಗೆ ಸಂಬಳ ಬರುತ್ತಿರುವುದರಿಂದ, ಒಂದು ವರ್ಷ ಬಡ್ಡಿಯನ್ನಷ್ಟೇ, ಅಂದರೆ 9,000 ರೂಪಾಯಿ, ಕಟ್ಟಲು ಅನುಮತಿ ಕೇಳಿ. ಅಸಲು 12 ಲಕ್ಷದಲ್ಲೇ ನಿಲ್ಲುತ್ತದೆ, ತಿಂಗಳಿಗೆ ಮೂರು ಸಾವಿರಕ್ಕಿಂತ ಹೆಚ್ಚು ಕೈಯಲ್ಲಿ ಉಳಿದು ಬಾಡಿಗೆಗೆ ಆಸರೆಯಾಗುತ್ತದೆ. ಅರ್ಜಿಯನ್ನು ಮುಂದಿನ ಕಂತಿನ ದಿನಕ್ಕಿಂತ ಮೊದಲೇ ಕೊಟ್ಟು, ನಕಲಿನ ಮೇಲೆ ಶಾಖೆಯ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ಆಶ್ವಾಸನೆ ವ್ಯವಸ್ಥಾಪಕರ ವರ್ಗಾವಣೆಯೊಂದಿಗೆ ಹೋಗಿಬಿಡುತ್ತದೆ.

ಪ್ರಶ್ನೆ (ರಬಕವಿ-ಬನಹಟ್ಟಿಯಿಂದ, ನೇಕಾರರು):

ಸರ್, ನಮ್ಮ ಮನೆಸಾಲ ಪತ್ತಿನ ಸೌಹಾರ್ದ ಸಹಕಾರಿಯದು. ನಮ್ಮ ಮಾವನವರು ಜಾಮೀನು ಇದ್ದಾರೆ. ಅವಧಿ ವಿಸ್ತರಿಸುತ್ತೇವೆ, ಆದರೆ ಜಾಮೀನುದಾರರು ಮತ್ತೆ ಸಹಿ ಹಾಕಬೇಕು ಎನ್ನುತ್ತಿದ್ದಾರೆ. ಮಾವನವರು ಹೆದರಿದ್ದಾರೆ. ಸರ್ಕಾರದ ಪರಿಹಾರದ ಹಣ ಬಂದರೆ ಅದನ್ನೂ ಸಾಲಕ್ಕೆ ಹಿಡಿದುಕೊಳ್ಳುತ್ತಾರೆಯೇ?

ಉತ್ತರ:

ಅಣ್ಣಾವ್ರೇ, ಪತ್ತಿನ ಸೌಹಾರ್ದಗಳು ಬ್ಯಾಂಕುಗಳಲ್ಲ. ಅವು 1997ರ ಕರ್ನಾಟಕ ಸೌಹಾರ್ದ ಸಹಕಾರಿ ಅಧಿನಿಯಮದಡಿ ನಡೆಯುತ್ತವೆ. ಆದ್ದರಿಂದ ರಿಸರ್ವ್ ಬ್ಯಾಂಕಿನ ನಿರ್ದೇಶನವನ್ನು ಅಲ್ಲಿ ಹಕ್ಕೆಂದು ಮುಂದಿಡಲಾಗದು, ಆಡಳಿತ ಮಂಡಳಿಯ ಠರಾವೇ ಬೇಕು. ಅದರ ನಕಲು ಕೇಳಿ ಪಡೆಯಿರಿ.

ಸಹಿಯ ವಿಷಯದಲ್ಲಿ ಅವರು ಕೇಳುತ್ತಿರುವುದು ಕ್ರಮಬದ್ಧವೇ. 1872ರ ಕರಾರು ಅಧಿನಿಯಮದ 135ನೆಯ ಕಲಂ ಪ್ರಕಾರ, ಜಾಮೀನುದಾರರ ಒಪ್ಪಿಗೆಯಿಲ್ಲದೆ ಸಾಲಗಾರರಿಗೆ ಕಾಲಾವಕಾಶ ಕೊಡುವ ಕರಾರಾದರೆ ಜಾಮೀನುದಾರರು ಹೊಣೆಯಿಂದ ಬಿಡುಗಡೆಯಾಗುತ್ತಾರೆ. ಹಾಗಾಗಬಾರದೆಂದು ಸಹಿ ಕೇಳುತ್ತಾರೆ. ಮಾವನವರಿಗೆ ಇದನ್ನು ಮುಚ್ಚಿಡದೆ ಹೇಳಿ: ಸಹಿ ಹಾಕಿದರೆ ಹೊಣೆ ಮುಂದುವರಿಯುತ್ತದೆ, 128ನೆಯ ಕಲಂ ಪ್ರಕಾರ ಆ ಹೊಣೆ ನಿಮ್ಮಷ್ಟೇ ದೊಡ್ಡದು. ಸಹಿ ಹಾಕದಿದ್ದರೆ ವಿಸ್ತರಣೆ ಸಿಗದೆ, ಹಳೆಯ ಬಾಕಿಗಾಗಿ ಇಬ್ಬರ ಮೇಲೂ ವಸೂಲಿ ಬರಬಹುದು. ಸಹಿ ಹಾಕುವುದೇ ಮೇಲೆಂದು ನನ್ನ ಅಭಿಪ್ರಾಯ, ಆದರೆ ಹೊಸ ಕರಾರಿನಲ್ಲಿ ಸಾಲದ ಮೊತ್ತ ಹೆಚ್ಚಾಗಿಲ್ಲವೆಂಬುದನ್ನು ಅವರು ಓದಿಯೇ ಹಾಕಲಿ.

ಪರಿಹಾರದ ಹಣ ಸಾಲವಿರುವ ಕಡೆಯ ಖಾತೆಗೆ ಬಂದರೆ, ಬಾಕಿಗೆ ಮುರಿದುಕೊಳ್ಳುವ ಅಪಾಯ ಇದ್ದೇ ಇದೆ. ಸಾಲವಿಲ್ಲದ ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದು, ಆಧಾರ್ ಜೋಡಣೆಯನ್ನು ಅದಕ್ಕೆ ಬದಲಾಯಿಸಿ, ತಹಶೀಲ್ದಾರ ಕಚೇರಿಗೂ ಆ ಖಾತೆಯ ಸಂಖ್ಯೆಯನ್ನೇ ಕೊಡಿ. ಮೊತ್ತದ ಬಗ್ಗೆ ಹೆಚ್ಚಿನ ನಿರೀಕ್ಷೆ ಬೇಡ. 2019ರಲ್ಲಿ ಪೂರ್ಣ ಬಿದ್ದ ಮನೆಗಳಿಗೆ ರಾಜ್ಯ ಸರ್ಕಾರ 5 ಲಕ್ಷದವರೆಗೆ ಘೋಷಿಸಿತ್ತು, ಅದೂ ಕಟ್ಟಡದ ಹಂತ ನೋಡಿ ಬಂತು. ಕೇಂದ್ರದ ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ಮಾನದಂಡದಲ್ಲಿ ಬಯಲು ಪ್ರದೇಶದ ಪೂರ್ಣ ಬಿದ್ದ ಮನೆಗೆ ಇದ್ದದ್ದು 1,20,000 ರೂಪಾಯಿ. ಮನೆಯೊಳಗಿನ ಮಗ್ಗಗಳ ಹಾನಿಯನ್ನು ಪಂಚನಾಮೆಯಲ್ಲಿ ಬೇರೆಯಾಗಿ ಬರೆಯಿಸುವುದನ್ನು ಮರೆಯಬೇಡಿ.

ಪ್ರಶ್ನೆ (ರಾಮದುರ್ಗದಿಂದ):

ವಯನಾಡಿನಲ್ಲಿ ಸಾಲ ಮನ್ನಾ ಆಯಿತಂತೆ. ನಮಗೇಕೆ ಆಗುವುದಿಲ್ಲ?

ಉತ್ತರ:

ಅಲ್ಲಿ 2024ರ ಜುಲೈ 30ರ ಭೂಕುಸಿತದ ನಂತರ ಕೇರಳ ಬ್ಯಾಂಕು ತನ್ನ ಚೂರಲ್‌ಮಲ ಶಾಖೆಯ ಸಂತ್ರಸ್ತರ ಸಾಲಗಳನ್ನು ತಾನಾಗಿಯೇ ಮನ್ನಾ ಮಾಡಿತು. ಅದು ಒಂದು ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿಯ ನಿರ್ಧಾರ, ಎಲ್ಲ ಬ್ಯಾಂಕುಗಳಿಗೂ ಅನ್ವಯಿಸಿದ ಆದೇಶವಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 13ನೆಯ ಕಲಂ, ತೀವ್ರ ವಿಪತ್ತಿನಲ್ಲಿ ಸಾಲ ಮರುಪಾವತಿಗೆ ರಿಯಾಯಿತಿ ಶಿಫಾರಸು ಮಾಡುವ ಅಧಿಕಾರವನ್ನು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟಿತ್ತು. 2025ರ ತಿದ್ದುಪಡಿಯಲ್ಲಿ ಆ ಕಲಮನ್ನೇ ತೆಗೆದುಹಾಕಲಾಯಿತು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ನಮ್ಮಂಥವರಿಗೆ ಅದು ಉಳಿಯಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ (ಬೀಳಗಿ ತಾಲೂಕಿನಿಂದ):

ನಮ್ಮ ಮನೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು 524.256 ಮೀಟರ್ ಮಟ್ಟಕ್ಕೆ ಏರಿದರೆ ಆಗುವ ಮುಳುಗಡೆಯಲ್ಲಿ ಬರುತ್ತದೆ. ಮನೆಯ ಮೇಲೆ ಬ್ಯಾಂಕಿನ ಸಾಲವಿದೆ. ಆ ಸಾಲ ಏನಾಗುತ್ತದೆ?

ಉತ್ತರ:

ನಿಮ್ಮದು ವಿಕೋಪವಲ್ಲ, ಸರ್ಕಾರದ ಭೂಸ್ವಾಧೀನ. ಅಲ್ಲಿ ಸ್ವತ್ತು ವರ್ಗಾವಣೆ ಅಧಿನಿಯಮದ 73ನೆಯ ಕಲಂ ಬರುತ್ತದೆ: ಅಡಮಾನದ ಹಕ್ಕು ಪರಿಹಾರದ ಹಣದ ಮೇಲೆ ಹೋಗುತ್ತದೆ, ಬ್ಯಾಂಕು ತನ್ನ ಬಾಕಿಯನ್ನು ಅದರಿಂದ ಕೇಳಬಹುದು. ಅವಾರ್ಡಿನ (ಪರಿಹಾರದ ಮೊತ್ತ ನಿಗದಿಪಡಿಸುವ ಆದೇಶದ) ಮೊದಲೇ ಬ್ಯಾಂಕಿನಿಂದ ಬಾಕಿಯ ಪತ್ರ ಪಡೆದು ಭೂಸ್ವಾಧೀನಾಧಿಕಾರಿಗೆ ಕೊಟ್ಟರೆ, ಬಾಕಿಯಷ್ಟೇ ಅವರಿಗೆ ಹೋಗಿ ಉಳಿದದ್ದು ನಿಮಗೆ ತಡವಿಲ್ಲದೆ ಸಿಗುತ್ತದೆ.

ಮರುಪ್ರಶ್ನೆ (ಗೋಕಾಕದ ಶಿಕ್ಷಕಿ):

ಸರ್, ಖಾತೆಯ ವಿವರ ತಂದೆ. ಸಾಲ ಕೊಟ್ಟ ವರ್ಷವೇ ಕಟ್ಟಡದ ವಿಮೆಗೆಂದು ಒಮ್ಮೆ ಕಡಿತವಾಗಿದೆ. ಪಾಲಿಸಿ ಹತ್ತು ವರ್ಷದ್ದೆಂದು ಶಾಖೆಯವರು ಈಗ ಹೇಳಿದರು. ಅದರ ಪ್ರತಿ ನಮಗೆ ಕೊಟ್ಟೇ ಇರಲಿಲ್ಲ. ಮನೆ ಬಿದ್ದು ಇಪ್ಪತ್ತೆರಡು ದಿನಗಳಾಗಿವೆ. ತಡವಾಯಿತೇ?

ಉತ್ತರ:

ತಡವಾಗಿಲ್ಲ, ಅಕ್ಕಾವ್ರೇ. ಇಂದೇ ಕಂಪನಿಗೆ ಸೂಚನೆ ಕೊಡಿ. ಪಾಲಿಸಿಯ ಪ್ರತಿ ನಿಮ್ಮ ಕೈಗೆ ಬಂದಿರಲಿಲ್ಲ, ಅದರಿಂದಲೇ ತಡವಾಯಿತು ಎಂಬುದನ್ನು ಪತ್ರದಲ್ಲಿ ಬರೆದು, ಶಾಖೆಯಿಂದ ಅದಕ್ಕೊಂದು ದೃಢೀಕರಣ ಪಡೆಯಿರಿ. ಕಂಪನಿ ತಿರಸ್ಕರಿಸಿದರೆ ಅಥವಾ ಕಡಿಮೆ ಕೊಟ್ಟರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಸಮಾಧಾನಕರ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ, ವಕೀಲರಿಲ್ಲದೆ ದೂರು ಸಲ್ಲಿಸಬಹುದು. ಪಾಲಿಸಿಯ ಮೊದಲ ಪುಟದ ಫೋಟೊವನ್ನು, ನಿಮ್ಮ ಹೆಸರು ಮತ್ತು ಸಂಖ್ಯೆಗಳನ್ನು ಮರೆಮಾಡಿ, ಇಲ್ಲಿ ಹಾಕಿ. ವಿಮಾ ಮೊತ್ತ ಎಷ್ಟಿದೆ ಮತ್ತು ಬಾಡಿಗೆಯ ಭಾಗ ಹೇಗೆ ಬರೆದಿದ್ದಾರೆ ಎಂಬುದನ್ನು ನೋಡಿ, ಕ್ಲೇಮು ಅರ್ಜಿಯನ್ನು ಸಂಜೆ ಒಟ್ಟಿಗೆ ತುಂಬೋಣ.